ಗಿರಣಿಯ ಮಾಳಸಿದ್ದ

ಜನವರಿ 6, ಸೋಮವಾರ

ಇವತ್ತಿನಿಂದ ನಾನು ಐದೂರ ಮಾಸ್ತರ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಹೀಗೆ ನಮ್ಮ ಸಂಸ್ಥೆಗೆ ಐದು ಕಡೆ ಕಾಲೇಜು, ಐದು ಕಡೆ ಗ್ರಂಥಾಲಯ. ಆದರೆ ಪಿಎಚ್‌ಡಿ ಮಾಡಿದ ಗ್ರಂಥಪಾಲ ಒಬ್ಬನೇ, ಅಥಣಿಯ ಡಾ. ಈಶ್ವರ ಮುಗಳಖೋಡ. ಪ್ರಿನ್ಸಿಪಾಲರು ಕರೆದು, “ಈಶ್ವರ ಸರ, ತಪಾಸಣಾ ಸಮಿತಿಯವರು ಬರಾವ್ರದಾರ. ಇಷ್ಟು ದೊಡ್ಡ ಡೇಟಾಬೇಸ್ ತಗೊಂಡೇವಿ, ಹುಡುಗ್ರು ಒಂದ ದಿನಾರ ತೆರೆದು ನೋಡ್ಯಾರೇನಂತ ಕೇಳ್ತಾರ. ಐದೂ ಕಾಲೇಜಿಗೆ ಆನ್‌ಲೈನ್ ಪಾಠ ನೀವs ಮಾಡ್ರಿ” ಎಂದರು. ವಾರಕ್ಕೆ ಎರಡು ದಿನ, ಮಧ್ಯಾಹ್ನ ಮೂರಕ್ಕೆ.

ಇನ್ನೂರ ಹನ್ನೆರಡು ಮಂದಿ ಸೇರಿದ್ದರು. ಇನ್ನೂರ ಹನ್ನೆರಡು ಕರಿ ಚೌಕ. ಒಬ್ಬನೂ ಮುಖ ತೋರಿಸಲಿಲ್ಲ. ಯಾವನದೋ ಫೋನಿನಿಂದ ಕಂಡಕ್ಟರನ ಸೀಟಿ ಕೇಳುತ್ತಿತ್ತು, ಇನ್ಯಾರದೋ ಮನೆಯಲ್ಲಿ ಎಮ್ಮೆ. “ನನ್ನ ಸ್ಕ್ರೀನ್ ಕಾಣಸ್ತೈತೇನು?” ಎಂದರೆ ಹತ್ತು ಜನ “ಹೌದ್ರಿ”, ಹತ್ತು ಜನ “ಇಲ್ರಿ”. ಕಬ್ಬು ಎಂದು ಹುಡುಕಿ ತೋರಿಸಿದೆ, ನಲವತ್ತು ಸಾವಿರ ಲೇಖನ ಬಂದವು. ಇಷ್ಟರಲ್ಲಿ ಬೇಕಾದ್ದು ಹೇಗೆ ಹೆಕ್ಕುವುದು ಎಂದು ಒಂದು ಗಂಟೆ ಹೇಳಿದೆ. ಗೋಡೆಗೆ ಹೇಳಿದ್ದರೂ ಅಷ್ಟೇ. ಆದರೂ ಐದೂರ ಮಾಸ್ತರ ಎನ್ನುವುದು ಕೇಳಲು ಚೆನ್ನಾಗಿದೆ. ಮನೆಯಲ್ಲಿ ಹೆಂಡತಿ ಶುಭಾಂಗಿಗೆ ಹೇಳಿದರೆ, “ಮತ್ತ ನಾಳೆಯಿಂದ ಐದ ಊರಿನ ಕಾಯಿಪಲ್ಲೆ ನೀವs ತರ್ರಿ” ಎಂದಳು.

ಜನವರಿ 8, ಬುಧವಾರ

ಇವತ್ತು ಜೀವ ಬಂತು. ನಿಪ್ಪಾಣಿಯ ಹುಡುಗಿಯೊಬ್ಬಳು, “ಸರ, ಬೀಡಿ ಕಟ್ಟೋ ಹೆಣ್ಮಕ್ಕಳ ಮ್ಯಾಲ ಇಂಗ್ಲಿಷಿನಾಗ ಎರಡs ಅದಾವ್ರಿ, ಕನ್ನಡದಾಗ ಏನೂ ಇಲ್ಲ” ಎಂದಳು. ಮರಾಠಿಯಲ್ಲಿ ಟೈಪ್ ಮಾಡು ಅಂದೆ. ಮೂವತ್ತೇಳು ಬಂದವು! ಎಲ್ಲ ಚೌಕಗಳಿಂದಲೂ ಒಮ್ಮೆಲೇ ಗದ್ದಲ. ನನಗೂ ಹುರುಪು ಬಂದು, “ನಮ್ಮ ಊರಿನ ಸಂಗತಿ ಯಾವ ಭಾಷಾದಾಗ ಕುಂತಿರತೈತೋ ಹೇಳಾಕ ಬರೂದಿಲ್ಲ. ಎರಡೂ ಬಾಗಲಾ ಬಡೀರಿ” ಎಂದೆ. ಮಾತು ತಾನಾಗಿ ಬಂತು. ಪಾಠ ಮುಗಿದ ಮೇಲೆ ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಸಮಿತಿಯವರ ಮುಂದೆ ಹೇಳಬಹುದು.

ಜನವರಿ 13, ಸೋಮವಾರ

ಗಿರಣಿಯ ಕಥೆ ಹೇಳಿದೆ. ಹೇಳಬಾರದಿತ್ತು.

ಹನ್ನೆರಡು ವರ್ಷದಿಂದ ಎಲ್ಲಿ ಭಾಷಣಕ್ಕೆ ಹೋದರೂ ಹೇಳುವ ಕಥೆ ಅದು, ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯದ್ದು. ಹಿಂದೆ ಹಳ್ಳಿಯ ವಾಚನಾಲಯದ ಕಟ್ಟೆ ಮೇಲೆ ಗಂಡಸರು ಕೂತಿರುತ್ತಿದ್ದರು, ಹೆಂಗಸರು ಅತ್ತ ಹಾಯುವಂತಿರಲಿಲ್ಲ. ಅಥಣಿ ಕಡೆಯ ಒಂದು ಊರಲ್ಲಿ ಹಿಟ್ಟಿನ ಗಿರಣಿಯವನೊಬ್ಬ ತಾನೇ ಪುಸ್ತಕ ತಂದಿಟ್ಟು, ಜೋಳ ಬೀಸಿಸಲು ಬಂದು ಪಾಳಿಗೆ ಕಾಯುವ ಹೆಂಗಸರಿಗೆ ಓದಲು ಕೊಡುತ್ತಿದ್ದ. ವಾಪಸು ಬಂದ ಪುಸ್ತಕದ ಹಾಳೆಗಳ ನಡುವೆ ಹಿಟ್ಟು ಇರುತ್ತಿತ್ತು. ಇಷ್ಟು ಹೇಳಿದರೆ ಸಾಕು, ಯಾವ ಸಭೆಯಾದರೂ ಚಪ್ಪಾಳೆ.

ಇವತ್ತು ಚಪ್ಪಾಳೆಯ ಬದಲು ಒಂದು ದನಿ. “ಸರ, ನಾ ಕಾಜಲ ಮಗದುಮ್ಮ, ಕಾಗವಾಡ ಕಾಲೇಜ್ರಿ. ನಮ್ಮ ಆಯಿ, ಅಪ್ಪನ ತಾಯಿ, ಆಕಿನೂ ಗಿರಣ್ಯಾಗ ಹಂಗs ಪುಸ್ತಕ ಕೊಡ್ತಿದ್ಲಂತ್ರಿ.”

ಯಾವೂರು ಎಂದೆ. ಜುಗೂಳ ಎಂದಳು.

ಇವತ್ತಿಗೆ ಇಷ್ಟು ಸಾಕು ಅಂತ ಹತ್ತು ನಿಮಿಷ ಮೊದಲೇ ಪಾಠ ಮುಗಿಸಿದೆ.

ಜನವರಿ 16, ಗುರುವಾರ

ಹಬ್ಬದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಇಲ್ಲಿ ಬರೆದರೆ ಯಾರು ನೋಡುತ್ತಾರೆ, ಬರೆದು ಬಿಡುತ್ತೇನೆ.

ಆ ಗಿರಣಿಯವ ಇಲ್ಲ. ಎಂದೂ ಇರಲಿಲ್ಲ. ಜುಗೂಳದಲ್ಲಿ ಒಬ್ಬ ಹೆಂಗಸು ಇದ್ದರು. ಅವರನ್ನು ಹುಡುಕಿ, ಮಾತಾಡಿಸಿ, ಬರೆದುಕೊಂಡವರು ಮನೀಷಾ ಜಾಧವ ಎಂಬ ಸಂಶೋಧಕಿ. ಹೊಳೆಯಾಚೆ ಮರಾಠಿ ಸೀಮೆಯ ವಿಶ್ವವಿದ್ಯಾಲಯವೊಂದಕ್ಕೆ ಮರಾಠಿಯಲ್ಲಿ ಪ್ರಬಂಧ ಬರೆದಿದ್ದರು. ನಾನು ಅದನ್ನು ಅಲ್ಲಿನ ಗ್ರಂಥಾಲಯದ ಕೆಳಗಿನ ಸಾಲಿನಲ್ಲಿ ಕಂಡೆ. ಯಾರೂ ಮುಟ್ಟಿರದ ಒಂದೇ ಪ್ರತಿ. ನಾಲ್ಕನೇ ಅಧ್ಯಾಯದ ಅರವತ್ತೆರಡು ಪುಟ ಝೆರಾಕ್ಸ್ ಮಾಡಿಸಿ ತಂದೆ. ನನಗೆ ಮರಾಠಿ ಮಾತು ಬರುತ್ತದೆ, ಓದು ನಿಧಾನ. ಶುಭಾಂಗಿ ನಿಪ್ಪಾಣಿಯವಳು, ಮರಾಠಿ ಶಾಲೆಯಲ್ಲಿ ಕಲಿತವಳು. ಅವಳು ಓದಿ ಕನ್ನಡದಲ್ಲಿ ಹೇಳಿದಳು, ನಾನು ಇಂಗ್ಲಿಷಿನಲ್ಲಿ ಬರೆದೆ. ಆಧಾರಕ್ಕೆ ಅಂತ ಅವಳಿಗೆ ಹೇಳಿದ್ದೆ. ಎರಡು ಹೊಳೆ ದಾಟಿಸಿದ ಎತ್ತನ್ನು ಯಾರು ಗುರುತು ಹಿಡಿಯುತ್ತಾರೆ? ಅಲ್ಲಿಯವರು ಕನ್ನಡ ಸೀಮೆಯ ಪ್ರಬಂಧ ನೋಡುವುದಿಲ್ಲ, ಇಲ್ಲಿ ನನ್ನ ಪ್ರಬಂಧ ಪರೀಕ್ಷಿಸಿದವರಿಗೆ ಮರಾಠಿ ಬರುವುದಿಲ್ಲ. ಊರಿನ ಹೆಸರು ತಾಳೆಯಾದರೆ ಕಷ್ಟ ಅಂತ ಜುಗೂಳವನ್ನು ಅಥಣಿ ಕಡೆಗೆ ತಂದೆ, ಹೆಂಗಸನ್ನು ಗಂಡಸು ಮಾಡಿದೆ. ಊರಿಗೂ ಅವನಿಗೂ ಹೆಸರಿಡಲಿಲ್ಲ.

ಯಾರು ಮಾಡಿಲ್ಲ? ನನ್ನ ಜೊತೆ ಪಿಎಚ್‌ಡಿ ಮಾಡಿದ ಎಷ್ಟು ಜನರ ಪ್ರಬಂಧ ಸ್ವಂತದ್ದು? ಉಳಿದ ಐದು ಅಧ್ಯಾಯ ನಾನೇ ಬರೆದದ್ದು, ಬಿಸಿಲಲ್ಲಿ ತಿರುಗಿ ಬರೆದದ್ದು.

ಆ ಮರಾಠಿಯನ್ನೂ ನನ್ನ ಇಂಗ್ಲಿಷನ್ನೂ ಓದುವವರು ಮಾತ್ರ ಇದನ್ನು ಹಿಡಿಯಬಲ್ಲರು. ಈ ಸೀಮೆಯ ಹುಡುಗರಲ್ಲಿ ಎರಡೂ ಓದುವವರು ಎಷ್ಟೋ ಜನ. ಮರಾಠಿಯಲ್ಲಿ ಹುಡುಕಿರಿ ಎಂದು ಅವರಿಗೆ ಹೇಳಿದವನು ನಾನು. ಮಾಡಿದ್ದುಣ್ಣೋ ಮಹಾರಾಯ.

ಜನವರಿ 20, ಸೋಮವಾರ

ಪಾಠದ ನಂತರ ಮೊಬೈಲಿಗೆ ಕಾಜಲಳ ಸಂದೇಶ. “ಸರ ಸಿಕ್ತ್ರಿ!!” ಕೆಳಗೆ ಒಂದು ಪುಟದ ಚಿತ್ರ. ಮನೀಷಾ ಜಾಧವರ ಪ್ರಬಂಧ ಈಗ ಸ್ಕ್ಯಾನ್ ಆಗಿ ಜಾಲಕ್ಕೆ ಬಂದಿದೆ. ಒಂದು ಫೋಟೋ, ಗಿರಣಿಯ ಬಾಗಿಲಲ್ಲಿ ತಲೆಮೇಲೆ ಸೆರಗು ಹೊದ್ದ ಹೆಂಗಸು, ಕೈಯಲ್ಲಿ ದಪ್ಪ ಪುಸ್ತಕ.

ಹಿಂದೆಯೇ ದನಿ ಸಂದೇಶ. “ಸರ, ನೀವು ಹೇಳಿದಂಗs ಮರಾಠಿಯೊಳಗ ಬಡದೆ ನೋಡ್ರಿ, ಸೀದಾ ನಮ್ಮ ಆಯಿ ಬಂದ್ಲು! ಮನ್ಯಾಗ ಎಲ್ಲಾರೂ ಕೂಡಿ ನೋಡಿದ್ವಿ. ಆಯಿ ಅಂತೂ ತನ್ನ ಫೋಟೋ ತಾನs ನಂಬವಲ್ಲಳು. ನಿಮ್ಮಿಂದ ಆತ್ರಿ ಸರ.”

ನಾಲ್ಕು ಸಲ ಕೇಳಿದೆ. ನಾಲ್ಕರಲ್ಲೂ ಸಂತೋಷ ಬಿಟ್ಟರೆ ಬೇರೇನೂ ಇರಲಿಲ್ಲ. ಉತ್ತರ ಕಳಿಸಲಿಲ್ಲ.

ಜನವರಿ 25, ಶನಿವಾರ

ಕಾಜಲ ಬಂದಿದ್ದಳು, ಬಸ್ಸು ಹಿಡಿದು ಅಥಣಿಯವರೆಗೆ. ಸಣ್ಣ ಹುಡುಗಿ, ದೊಡ್ಡ ಕನ್ನಡಕ. ಬಿ.ಎ. ಕೊನೆಯ ವರ್ಷ. ಹೆಂಗಸರು ಮತ್ತು ಓದು ಎಂಬ ವಿಷಯ ತೆಗೆದುಕೊಂಡು ಪ್ರಬಂಧ ಬರೆಯುತ್ತಿದ್ದಾಳೆ, ಫೆಬ್ರುವರಿ 15ಕ್ಕೆ ಚಿಕ್ಕೋಡಿಯ ವಿದ್ಯಾರ್ಥಿ ಸಮ್ಮೇಳನದಲ್ಲಿ ಓದಬೇಕಂತೆ. ನನ್ನ ಪ್ರಬಂಧ ನೋಡಲು ಬಂದಿದ್ದಳು.

ಅದು ಅವಳ ಬೆನ್ನ ಹಿಂದೆಯೇ ಗಾಜಿನ ಕಪಾಟಿನಲ್ಲಿ ಇತ್ತು, ಚಿನ್ನದ ಅಕ್ಷರದಲ್ಲಿ ನನ್ನ ಹೆಸರು. “ಬೈಂಡಿಂಗಿಗೆ ಹೋಗೈತಿ” ಎಂದೆ. ಅವಳು ಬರುವ ಸುದ್ದಿ ತಿಳಿದು ಬೆಳಿಗ್ಗೆಯೇ ಅದನ್ನು ತೆಗೆದಿಡಬೇಕೆಂದುಕೊಂಡಿದ್ದೆ, ಮರೆತಿದ್ದೆ. ಅವಳು ತಿರುಗಿ ನೋಡಲಿಲ್ಲ. ಮಾಸ್ತರ ಇಲ್ಲ ಎಂದರೆ ಇಲ್ಲ. ಅಷ್ಟು ನಂಬಿಕೆ.

ಹೋಗುವಾಗ ಚೀಲದಿಂದ ಡಬ್ಬಿ ತೆಗೆದಳು. “ಆಯಿ ಶೇಂಗಾ ಹೋಳಿಗಿ ಕಳಿಸ್ಯಾಳ್ರಿ. ಫೋಟೋ ಹುಡುಕಾಕ ಕಲಿಸಿದ ಮಾಸ್ತರಿಗೆ ಅಂತ.”

ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಮೂರು ತಿಂದೆ. ಏನು ಮನುಷ್ಯ ನಾನು.

ಜನವರಿ 29, ಬುಧವಾರ

ಉಳಿದ ಹೋಳಿಗೆ ಶುಭಾಂಗಿ ನೋಡಿದಳು. ಎಲ್ಲಿಯದು ಎಂದು ಕೇಳಿದಳು. ಜುಗೂಳದ್ದು ಎಂದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

“ಆ ಪುಸ್ತಕ ಕೊಡೋ ಹೆಣ್ಮಗಳ ಊರs? ಬುಟ್ಟ್ಯಾಗ ಜೋಳದ ಕೆಳಗ ಪುಸ್ತಕ ಮುಚ್ಚಿಟ್ಟುಕೊಂಡು ಒಯ್ತಿದ್ರಲ್ಲ, ಅವರು?”

ಹನ್ನೆರಡು ವರ್ಷದ ಹಿಂದೆ ಓದಿದ್ದು, ಅವಳಿಗೆ ಬುಟ್ಟಿಯೂ ನೆನಪಿದೆ. ನಾನು ಹೌದು ಎಂದೆ.

“ನಿಮ್ಮ ಭಾಷಣ ಒಮ್ಮೆ ಕೇಳಿದ್ದೆ. ಗಿರಣಿಯಾಂವ ಅಂತ ಹೇಳಿದ್ರಿ. ಅವರು ಎಲ್ಲಿ ಹೋದ್ರು, ಇಂವ ಎಲ್ಲಿಂದ ಬಂದಾ ಅಂತ ಆಗs ಕೇಳಬೇಕಂದೆ. ಕೇಳಲಿಲ್ಲ.”

“ಯಾಕ ಕೇಳಲಿಲ್ಲ?”

“ಕೇಳಿದ್ರ ನೀವು ಸುಳ್ಳು ಹೇಳ್ತಿದ್ರಿ. ಸುಮ್ನ ಇನ್ನೊಂದು ಸುಳ್ಳು ಯಾಕ ಆಡಸೂದಂತ ಬಿಟ್ಟೆ.”

ಮತ್ತೆ ಪಾತ್ರೆ ತೊಳೆಯತೊಡಗಿದಳು. ಜಗಳ ಮಾಡಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ಕುಗ್ಗಿ ಹೋದೆ, ಹಾಗೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

ಫೆಬ್ರುವರಿ 4, ಮಂಗಳವಾರ

ಕಾಜಲ ತನ್ನ ಪ್ರಬಂಧದ ಕರಡು ಕಳಿಸಿದ್ದಾಳೆ, ತಿದ್ದಿಕೊಡಿ ಎಂದು. ನನ್ನ ಪ್ರಬಂಧವೂ ಅವಳಿಗೆ ಜಾಲದಲ್ಲೇ ಸಿಕ್ಕಿದೆ. ನನ್ನ ಬೈಂಡಿಂಗಿನ ಸುಳ್ಳು ವ್ಯರ್ಥ.

ಮನೀಷಾ ಜಾಧವರದನ್ನೂ ನನ್ನದನ್ನೂ ಅಕ್ಕಪಕ್ಕ ಇಟ್ಟು ಓದಿದ್ದಾಳೆ. ಒಂದು ಕಡೆ ಅವಳ ಆಯಿ ಹೇಳಿದ್ದು: “ಪುಸ್ತಕದಾಗ ಹಿಟ್ಟು ಬಿದ್ರ ಪುಸ್ತಕ ಕೆಡೂದಿಲ್ಲ, ಹಿಟ್ಟಿನಾಗ ಪುಸ್ತಕ ಬಿದ್ರ ಅತ್ತಿ ಬೈತಾಳ.” ಇನ್ನೊಂದು ಕಡೆ ನನ್ನ ಗಿರಣಿಯವ ಹೇಳಿದ್ದು, ಅದೇ ಮಾತು, ಅತ್ತೆಯ ಜಾಗದಲ್ಲಿ ಹೆಂಡತಿ. ಕೆಳಗೆ ಅವಳು ಬರೆದಿದ್ದಾಳೆ: “ಸುಮಾರು ನಲವತ್ತು ಕಿಲೋಮೀಟರ್ ಅಂತರದ ಎರಡು ಊರುಗಳಲ್ಲಿ, ಒಬ್ಬರನ್ನೊಬ್ಬರು ನೋಡದ ಇಬ್ಬರು, ಒಂದೇ ಕೆಲಸ ಮಾಡಿದ್ದಾರೆ, ಒಂದೇ ಮಾತು ಆಡಿದ್ದಾರೆ. ಅಂದರೆ ಇದು ಒಬ್ಬರ ಹುಚ್ಚಲ್ಲ, ಈ ಭಾಗದ ಪದ್ಧತಿಯೇ ಇದ್ದಿರಬೇಕು.”

ಇದೇ ಅವಳ ಪ್ರಬಂಧದ ತಿರುಳು. ಅವಳ ಅಧ್ಯಾಪಕರು ಹೊಸ ಶೋಧ ಎಂದು ಹೊಗಳಿದ್ದಾರಂತೆ. ನೂರಾರು ಜನರ ಮುಂದೆ ಅವಳು ಇದನ್ನು ಓದುತ್ತಾಳೆ. ಎಂದಾದರೂ ಒಬ್ಬ ಹಿಡಿಯುತ್ತಾನೆ. ಆಗ ನಗೆಪಾಟಲಿಗೆ ಈಡಾಗುವವಳು ಅವಳು.

ಕರಡಿನ ಜೊತೆ ಒಂದು ಸಾಲು: “ಸರ, ಆಯಿಗೆ ಆ ಗಿರಣಿಯವರನ್ನ ಒಮ್ಮೆ ನೋಡಬೇಕಂತ್ರಿ. ಅವರ ಊರು ಯಾವದ್ರಿ?”

ಎರಡು ಕಡೆ ಅಲ್ಪವಿರಾಮ ಸರಿ ಮಾಡಿ ಕಳಿಸಿದೆ.

ಫೆಬ್ರುವರಿ 9, ಭಾನುವಾರ

ಜುಗೂಳಕ್ಕೆ ಹೋಗಿ ಬಂದೆ. ಹೇಳಿಬಿಡಬೇಕು ಎಂದೇ ಹೋದದ್ದು. ಶಿರಗುಪ್ಪಿ ದಾಟುವವರೆಗೂ ಮಾತು ಜೋಡಿಸುತ್ತಿದ್ದೆ. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ನಿಂತಾಗ ಇಳಿದು ವಾಪಸು ಹೋಗೋಣ ಎನಿಸಿತು. ಇಳಿಯಲಿಲ್ಲ.

ಕಾಜಲಳ ಆಯಿ ಪದ್ಮವ್ವ ಎಂಬತ್ತರ ಹತ್ತಿರದವರು. ಬೆನ್ನು ಬಾಗಿದೆ, ದನಿ ಬಾಗಿಲ್ಲ. ಸಂಜೆ ಐದಾಗಿತ್ತು. ನಾನು ಕೂರುವ ಮೊದಲೇ ತಾಟು ಬಂತು. “ಮೊದಲ ಉಣ್ರಿ ಮಾಸ್ತರ. ಹೊತ್ತ ಮುಣುಗಿದ ಮ್ಯಾಲ ನಮ್ಮ ಮನ್ಯಾಗ ಒಲಿ ಹೊತ್ಸೂದಿಲ್ಲ.” ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಕಾಜಲ ಎದುರಿಗೆ ಕೂತು ಬಡಿಸಿದಳು.

ಪದ್ಮವ್ವನೇ ಮಾತು ತೆಗೆದರು. “ಊರಾಗೆಲ್ಲಾ ನನಗ ಪುಸ್ತಕದ ಹುಚ್ಚಿ ಅಂತಿದ್ರು. ನಮ್ಮ ಭಾವ ಒಮ್ಮೆ ಬುಟ್ಟಿ ಒದ್ದ. ಜೋಳಾ, ಪುಸ್ತಕಾ ಎಲ್ಲಾ ರಸ್ತೆ ತುಂಬ. ಅವತ್ತ ನಾ ಭಾಳ ಅತ್ತೆ. ಇಂಥಾ ಹುಚ್ಚು ದೇವರು ನನಗೊಬ್ಬಾಕಿಗೆ ಯಾಕ ಕೊಟ್ಟ ಅಂತ. ಈಗ ಈ ಕೂಸು ಬಂದು ಹೇಳ್ತು, ಆಯಿ, ಅಥಣಿ ಕಡೆ ನಿನ್ನಂಗs ಇನ್ನೊಬ್ಬ ಇದ್ದಾ ಅಂತ. ಗಂಡಸ ಆಗಿ ಹೆಣ್ಮಕ್ಕಳ ಸಲುವಾಗಿ ಇಷ್ಟ ಮಾಡಿದ್ನಲ್ರಿ! ನನಗೇನೋ ಒಬ್ಬ ಅಣ್ಣ ಸಿಕ್ಕಂಗ ಆತು. ಅದಾನೇನ್ರಿ ಅಂವ? ನನ್ನ ಕರಕೊಂಡ ಹೋಗ್ರಿ. ಎದುರಾಬದುರ ಕುಂತು ಒಂದ ತಾಸ ಮಾತಾಡಬೇಕು.”

ತುತ್ತು ಬಾಯಲ್ಲಿತ್ತು. ಇದೇ ಹೊತ್ತು, ಹೇಳು, ಎಂದುಕೊಂಡೆ. ಬಾಯಿಂದ ಬಂದದ್ದು: “ಅವರು ತೀರಿಕೊಂಡ್ರಿ.”

ಯಾವಾಗ ಎಂದರು. ಮೂರು ವರ್ಷ ಆಯಿತು ಎಂದೆ. ಹೆಸರು ಕೇಳಿದರು. “ಮಾಳಸಿದ್ದ” ಎಂದೆ. ಬರುವಾಗ ಯಾವುದೋ ಟ್ರ್ಯಾಕ್ಟರಿನ ಹಿಂದೆ ಬರೆದಿದ್ದನ್ನು ಓದಿದ್ದೆ, ಅದೇ ನಾಲಿಗೆಗೆ ಬಂತು.

ಪದ್ಮವ್ವ ತಲೆಮೇಲೆ ಸೆರಗು ಎಳೆದುಕೊಂಡರು. ಆಮೇಲೆ ಕಣ್ಣು ಮುಚ್ಚಿ, ಕೈ ಮುಗಿದು, ಜೈನರ ಣಮೋಕಾರ ಮಂತ್ರ ಹೇಳಿದರು. ಒಂಬತ್ತು ಸಲ. ಬೆರಳಲ್ಲಿ ಎಣಿಸುತ್ತ ಹೇಳಿದರು. ಕಾಜಲಳೂ ಕೈ ಮುಗಿದಳು. ನಾನೂ ಮುಗಿದೆ. ನಾನು ಹುಟ್ಟಿಸಿದವನನ್ನು ನಾನೇ ಕೊಂದು, ಕೈಮುಗಿದು ಕೂತಿದ್ದೆ. ತಟ್ಟೆಯಲ್ಲಿ ಅರ್ಧ ರೊಟ್ಟಿ.

ಫೆಬ್ರುವರಿ 10, ಸೋಮವಾರ

ಪಾಠ ಮಾಡಲಿಲ್ಲ. ಜ್ವರ ಅಂತ ಹೇಳಿದೆ. ಸಂಜೆ ಕಾಜಲಳಿಂದ ತಿದ್ದಿದ ಕರಡು ಬಂತು. ಮೊದಲ ಪುಟದಲ್ಲಿ ಹೊಸದಾಗಿ ಸೇರಿಸಿದ್ದಾಳೆ: “ಆಯಿ ಪದ್ಮವ್ವನಿಗೂ, ದಿವಂಗತ ಮಾಳಸಿದ್ದ ಅವರಿಗೂ.”

ಫೆಬ್ರುವರಿ 11, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿ ಕಾಜಲಳಿಗೆ ಹೇಳಿದೆ. ಯಾವ ಪೀಠಿಕೆಯೂ ಹೊಳೆಯಲಿಲ್ಲ. ಆ ಮನುಷ್ಯ ಇರಲೇ ಇಲ್ಲ, ಅದು ನಿನ್ನ ಆಯಿಯದೇ ಕಥೆ, ನಾನು ಮನೀಷಾ ಜಾಧವರಿಂದ ಕದ್ದದ್ದು, ನಿನ್ನ ಪ್ರಬಂಧದಿಂದ ನನ್ನ ಹೆಸರು ತೆಗೆ.

ಅವಳು ಬೈಯಲಿ ಎಂದು ಕಾಯುತ್ತಿದ್ದೆ.

“ಮತ್ತ ಆಯಿ ಒಂಬತ್ತ ಸಲ ಹೇಳಿದ್ಲಲ್ರಿ ಸರ,” ಎಂದಳು. “ಅದು ಯಾರಿಗ್ ಹೋತು?”

ಅವಳು ಫೋನ್ ಇಟ್ಟಳು.

ಮಧ್ಯಾಹ್ನ ನನ್ನ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ಅಧ್ಯಾಯ, ಪುಟ, ಮೂಲ, ಮೂಲ ಬರೆದವರ ಹೆಸರು. ಶುಭಾಂಗಿಗೆ ಓದಲು ಕೊಟ್ಟೆ. ಪದವಿ ಹೋದರೆ ಕೆಲಸವೂ ಹೋಗಬಹುದು ಎಂದೆ. ಅವಳು ಮರಾಠಿ ಪ್ರಬಂಧದ ಹೆಸರಿನಲ್ಲಿ ಒಂದು ತಪ್ಪು ಇತ್ತು, ಅದನ್ನು ತಿದ್ದಿದಳು. “ಕಳಸ್ರಿ” ಎಂದಳು. ಕಳಿಸಿದೆ.

ಫೆಬ್ರುವರಿ 12, ಬುಧವಾರ

ಮೂರಕ್ಕೆ ಪಾಠ. ಎಷ್ಟು ಜನ ಸೇರಿದ್ದರು ಎಂದು ನೋಡಲಿಲ್ಲ. ನಿಪ್ಪಾಣಿಯ ಬೀಡಿಯ ಹುಡುಗಿ ದೀಪಾಲಿ ಇದ್ದಳು, ರಾಯಬಾಗದ ವಿಶಾಲ ಎಂದಿನಂತೆ ಬಸ್ಸಿನಲ್ಲಿದ್ದ. ಕಾಜಲ ಸೇರಿದ್ದು ಎಲ್ಲರಿಗಿಂತ ಕೊನೆಗೆ.

ಇವತ್ತು ಒಂದು ಹುಡುಕಾಟ ತೋರಿಸುತ್ತೇನೆ ಎಂದೆ. ಮೊದಲು ನನ್ನ ಪ್ರಬಂಧ ತೆರೆದೆ. ಆಮೇಲೆ ಮರಾಠಿಯಲ್ಲಿ ಹುಡುಕಿ ಮನೀಷಾ ಜಾಧವರದನ್ನು ತೆರೆದೆ. ಅಕ್ಕಪಕ್ಕ ಇಟ್ಟು ಒಂದು ಪ್ಯಾರಾ ಅಲ್ಲಿಂದ, ಒಂದು ಇಲ್ಲಿಂದ ಓದಿದೆ. ಮೂರನೆಯದಕ್ಕೆ ಎಲ್ಲರಿಗೂ ತಿಳಿದಿರಬೇಕು, ವಿಶಾಲನ ಬಸ್ಸಿನ ಸದ್ದೂ ನಿಂತಿತು. ಕದ್ದದ್ದು ಎಂಬ ಶಬ್ದವನ್ನೇ ಆಡಿದೆ. ಎರವಲು, ಪ್ರಭಾವ ಎಂದೆಲ್ಲ ಹೇಳಲಿಲ್ಲ. ನಿಮಗೆ ಹೇಳಿದ ಗಿರಣಿಯ ಗಂಡಸು ಇಲ್ಲ, ಅವನನ್ನು ನಾನು ಕಟ್ಟಿದ್ದು, ಕೆಲಸ ಮಾಡಿದ್ದು ಜುಗೂಳದ ಒಬ್ಬ ಹೆಣ್ಣುಮಗಳು ಎಂದೆ. ಪತ್ರ ಕಳಿಸಿದ್ದು ಹೇಳಿದೆ. ಹನ್ನೆರಡು ವರ್ಷ ಹೇಗೆ ಹೆದರಿಕೊಂಡು ಬದುಕಿದೆ, ಈ ಒಂದು ತಿಂಗಳು ಹೇಗೆ ಕಳೆದೆ, ಊಟ ಸೇರುತ್ತಿರಲಿಲ್ಲ, ಎಲ್ಲವನ್ನೂ ಹೇಳಿದೆ. ಕಣ್ಣಲ್ಲಿ ನೀರು ಬಂತು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ನನ್ನ ಮೇಲೆ ಸ್ವಲ್ಪ ಅಭಿಮಾನವೇ ಬಂದಿತ್ತು. ಇಷ್ಟು ಧೈರ್ಯ ಯಾರು ಮಾಡುತ್ತಾರೆ ಎಂದು.

ಕ್ಷಮಿಸಿರಿ ಎಂದು ಮುಗಿಸಿದೆ.

ಆಗ ಕಾಜಲಳ ಚೌಕದಿಂದ ಒಂದು ದನಿ, ಕಾಜಲಳದಲ್ಲ.

“ಮಾಸ್ತರ, ಮುಗೀತೇನ್ರಿ?”

ಹೌದ್ರಿ ಎಂದೆ.

“ಅರ್ಧ ತಾಸ ಆತು ಕುಂತ ಕೇಳಾಕತ್ತೇನಿ. ನಿಮ್ಮ ಊಟಾ ಹೇಳಿದ್ರಿ, ನಿಮ್ಮ ಅಂಜಿಕಿ ಹೇಳಿದ್ರಿ, ನಿಮ್ಮ ಪತ್ರ ಹೇಳಿದ್ರಿ. ಆ ಪುಸ್ತಕಾ ಬರದಾಕಿ ಹೆಸರೂ ಹೇಳಿದ್ರಿ, ಚಲೋ ಆತು. ಜುಗೂಳದ ಒಬ್ಬ ಹೆಣ್ಣಮಗಳು ಅಂದ್ರಲ್ಲ, ಆ ಹೆಣ್ಣಮಗಳಿಗೆ ಹೆಸರಿಲ್ಲೇನ್ರಿ?”

ಹೇಳಿರಲಿಲ್ಲ. ಅಷ್ಟೆಲ್ಲ ಹೇಳಿದ್ದರಲ್ಲಿ ಅದೊಂದನ್ನು ಹೇಳಿರಲಿಲ್ಲ.

“ಪದ್ಮವ್ವ,” ಎಂದೆ.

“ಪೂರಾ ಹೇಳ್ರಿ.”

“ಪದ್ಮವ್ವ ಮಗದುಮ್ಮ. ಜುಗೂಳ.”

“ಆಕಿ ಏನ ಮಾಡ್ತಿದ್ಲು?”

“ಗಿರಣಿಯೊಳಗ ಹೆಣ್ಣುಮಕ್ಕಳಿಗೆ ಪುಸ್ತಕ ಕೊಡ್ತಿದ್ರು.”

“ಎಷ್ಟ ವರ್ಷ?”

ನನಗೆ ಗೊತ್ತಿರಲಿಲ್ಲ. ಅರವತ್ತೆರಡು ಪುಟ ಇಳಿಸಿಕೊಂಡವನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

“ಹತ್ತೊಂಬತ್ತು,” ಎಂದರು ಪದ್ಮವ್ವ. “ಬರಕೋರಿ.”

ಬರೆದುಕೊಂಡೆ.